ನನ್ನ ಕೈಯಲ್ಲ

ಕೊಚ್ಕೋರ್ ಪೇಟೆಯಲ್ಲಿ ಬುರುಲಳ ಕೈಗುಣದ ಬಗ್ಗೆ ಎರಡು ಮಾತಿಲ್ಲ ಎನ್ನುತ್ತಾರೆ. ಸುಳ್ಳು. ಎರಡನೆಯ ಮಾತೊಂದು ಯಾವಾಗಲೂ ಇತ್ತು, ಅದು ಅವಳ ಓರಗಿತ್ತಿ ಉಲ್ಕಾನಳ ಬಾಯಿಂದ ಬರುತ್ತಿತ್ತು. "ಚೆನ್ನಾಗೇ ಬರೀತಾಳೆ, ಇಲ್ಲ ಅನ್ನಲ್ಲ. ಆದರೆ ಸೊಕ್ಕು ನೋಡಿ, ಬೆರಳಿಗೊಂದೊಂದು ಮಣ ಇದೆ" ಎಂದು ಮೂವತ್ತೈದು ವರ್ಷದಿಂದ ಹೇಳಿಕೊಂಡೇ ಬಂದಿದ್ದಳು. ಹಾಗೆ ಹೇಳುತ್ತಲೇ ತನ್ನ ಮನೆಯ ಐದೂ ಶಿರ್ದಾಕುಗಳಿಗೆ ಬುರುಲಳಿಂದಲೇ ಗೆರೆ ಹಾಕಿಸಿಕೊಂಡಿದ್ದಳು.

ಶಿರ್ದಾಕ್ ಇಲ್ಲದ ನೆಲ ನಮ್ಮಲ್ಲಿ ನೆಲವೇ ಅಲ್ಲ. ಕುರಿಯ ಉಣ್ಣೆಗೆ ಬಿಸಿನೀರು ಸುರಿದು, ಚಾಪೆಯಲ್ಲಿ ಸುತ್ತಿ, ಓಣಿಯ ಹೆಂಗಸರೆಲ್ಲ ಸೇರಿ ತುಳಿದು ತುಳಿದು ಉಣ್ಣೆಹಾಸು ಮಾಡುತ್ತಾರೆ. ಅಂಥ ಎರಡನ್ನು, ಒಂದು ಬಿಳಿ ಒಂದು ಕಂದು, ಒಂದರ ಮೇಲೊಂದಿಟ್ಟು ಒಟ್ಟಿಗೇ ಕತ್ತರಿಸಿ, ಇದರ ತುಂಡನ್ನು ಅದರ ತೂತಿಗೂ ಅದರ ತುಂಡನ್ನು ಇದರ ತೂತಿಗೂ ಕೂರಿಸಿ ಹೊಲಿಯುತ್ತಾರೆ. ತುಳಿಯುವವರು ಊರು ತುಂಬ ಇದ್ದಾರೆ. ಹೊಲಿಯುವವರು ಓಣಿಗೆ ನಾಲ್ಕು ಮಂದಿ ಸಿಗುತ್ತಾರೆ. ಆದರೆ ಚಾಕು ಎಲ್ಲಿ ಓಡಬೇಕು ಎಂದು ಗೆರೆ ಎಳೆಯುವುದಿದೆಯಲ್ಲ, ಅದಕ್ಕೆ ಬುರುಲಳನ್ನೇ ಕರೆಯಬೇಕಿತ್ತು. ಅಳತೆಯಿಲ್ಲ, ಕಾಗದದ ನಕಲಿಲ್ಲ. ದರ್ಜಿಯ ನೀಲಿ ಸುಣ್ಣದ ತುಂಡು ಹಿಡಿದು ಮಂಡಿಯೂರಿದಳೆಂದರೆ ಚಹಾ ಆರುವಷ್ಟರಲ್ಲಿ ಟಗರುಕೊಂಬು, ಕಾಗೆಯುಗುರು, ನಾಯಿಬಾಲ ಎಂಬ ಚಿತ್ತಾರಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತಿದ್ದವು.

ಮೂರು ವರ್ಷದ ಹಿಂದೆ, ಆಲೂಗೆಡ್ಡೆ ಕೀಳುವ ದಿನಗಳಲ್ಲಿ, ಅವಳು ತನಗಾಗಿಯೇ ಒಂದು ಶಿರ್ದಾಕ್ ಹಿಡಿದಿದ್ದಳು. ಎಡ ಅರ್ಧ ಬರೆದಾಗಿತ್ತು. ಅದರಲ್ಲಿ ಟಗರುಕೊಂಬುಗಳೆಲ್ಲ ಒಳಮುಖವಾಗಿ ಸುರುಳಿ ಸುತ್ತಿದ್ದವು, ಏನನ್ನೋ ಬಚ್ಚಿಟ್ಟುಕೊಂಡಂತೆ. ಗೆರೆ ನಡುವಿಗೆ ಬಂತು. ಅಲ್ಲಿ ಸುಣ್ಣದ ತುಂಡು ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಕೇಳಲಿಲ್ಲ. ಲಕ್ವ ಹೊಡೆದಿತ್ತು. ಮೂರು ತಿಂಗಳಲ್ಲಿ ಕಾಲು ಬಂತು, ಬಾಯಿ ಬಂತು, ಬೈಗುಳವಂತೂ ಎಲ್ಲಕ್ಕಿಂತ ಮೊದಲೇ ಬಂತು. ಬಲಗೈ ಮಾತ್ರ ಬರಲಿಲ್ಲ. ಊರಿಗೆಲ್ಲ ಎತ್ತಿದ ಕೈಯಾಗಿದ್ದವಳಿಗೆ ಕೈಯೇ ಕೈಕೊಟ್ಟಿತು.

ಆ ದಿನ ಪಕ್ಕದಲ್ಲೇ ಇದ್ದ ಉಲ್ಕಾನಳೇ ಹಾಸನ್ನು ಸುಣ್ಣದ ತುಂಡಿನ ಸಮೇತ ಸುತ್ತಿ ಹಾಸಿಗೆಗಳ ಅಟ್ಟಿಯ ಅಡಿಯಲ್ಲಿ ಇಟ್ಟಿದ್ದಳು. ಚಳಿಗಾಲ ಕಳೆದ ಮೇಲೆ ಒಂದು ದಿನ ಬಂದು ಕೂತು ಅದರ ಮಾತೆತ್ತಿದಳು.

"ಏನೇ, ಅದನ್ನ ಹಾಗೇ ಕೊಳೆಸ್ತೀಯಾ? ಎಡಗಡೆದನ್ನ ಮಡಚಿ ಬಲಗಡೆಗೆ ಅಚ್ಚೊತ್ತಿದ್ರೆ ಆಯ್ತಪ್ಪ. ನಾನೇ ಒತ್ಕೊಡ್ತೀನಿ."

"ಬೇಡಕ್ಕ."

"ಯಾಕ್ ಬೇಡ? ಊರೋರೆಲ್ಲ ಹಾಗೇ ಮಾಡೋದು."

"ಊರೋರು ಮಾಡ್ಲಿ. ನಾನು ಎಡಗಡೆ ಒಂದು ಪ್ರಶ್ನೆ ಕೇಳಿದೀನಿ. ಬಲಗಡೆ ಅದಕ್ಕೆ ಉತ್ತರ ಬರಬೇಕು. ಕೇಳಿದ್ದನ್ನೇ ತಿರುಗಿ ಹೇಳೋದಕ್ಕೆ ಅದೇನು ಗಿಳೀನಾ?"

"ಹಾಗಾದ್ರೆ ಎಡಗೈಲಿ ಬರಿ."

ಅದನ್ನೂ ಬುರುಲ್ ಬಿಟ್ಟಿರಲಿಲ್ಲ. ಎಡಗೈಯಲ್ಲಿ ಕದ್ದುಮುಚ್ಚಿ ಬರೆದು ನೋಡಿಯಾಗಿತ್ತು, ಕೋಳಿ ಕೆದರಿದ ಹಾಗೆ ಬಂದಿತ್ತು. ಉಲ್ಕಾನ್ ಮೂಗು ಮುರಿದು ಎದ್ದಳು. ಹೊಸಿಲು ದಾಟುತ್ತ, "ಉತ್ತರ ಇದ್ದಿದ್ರೆ ಹೇಗೋ ಬರ್ತಿತ್ತು. ಕೈ ಜೊತೆ ಅದೂ ಹೋಯ್ತು ಅನ್ಸುತ್ತೆ" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅದು. ಅವಳ ಬಾಯಿಗೆ ಮೊದಲಿನಿಂದಲೂ ಬಾಗಿಲಿಲ್ಲ, ಅಷ್ಟೇ.

ಆದರೆ ಆ ಮಾತು ಬುರುಲಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಕೈ ಹೋದದ್ದಕ್ಕೆ ಅತ್ತು ಮುಗಿಸಿದ್ದಳು. ಈಗ ಹುಟ್ಟಿದ್ದು ಬೇರೆಯದೇ ಹೆದರಿಕೆ. ಗೆರೆ ಇದ್ದದ್ದು ತಲೆಯಲ್ಲೋ ಕೈಯಲ್ಲೋ? ಕೈಯಲ್ಲೇ ಇದ್ದಿದ್ದರೆ ಅವಳೊಳಗೆ ಈಗ ಏನೂ ಇಲ್ಲ, ಖಾಲಿ ಡಬ್ಬಿ. ರಾತ್ರಿ ಕಣ್ಣು ಮುಚ್ಚಿ ಬಲ ಅರ್ಧವನ್ನು ನೆನೆಸಿಕೊಳ್ಳಲು ನೋಡುತ್ತಿದ್ದಳು. ಬಿಳಿ ಹಾಸು ಕಾಣುತ್ತಿತ್ತು, ಗೆರೆ ಕಾಣುತ್ತಿರಲಿಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ರಾಜಧಾನಿ ಬಿಷ್ಕೆಕ್‌ನಿಂದ ಪೆರಿಜಾತ್ ಎಂಬ ಹುಡುಗಿ ಬಂದಳು. ಇಪ್ಪತ್ತೇಳು ವರ್ಷ, ಗಂಡುಕ್ರಾಪು, ಬೆನ್ನ ಮೇಲೆ ಅವಳಿಗಿಂತ ದೊಡ್ಡ ಚೀಲ. ಅವಳು ಹುಡುಕಿಕೊಂಡು ಬಂದದ್ದು ಬುರುಲಳ ಗಂಡ ತೊಲೊನನನ್ನು. ಮೂರು ತಂತಿಯ ಕೊಮುಜ್ ವಾದ್ಯವನ್ನು ಊರಿನ ಸಂಸ್ಕೃತಿ ಭವನದಲ್ಲಿ ನಲವತ್ತು ವರ್ಷದಿಂದ ನುಡಿಸುತ್ತಿರುವವನು ಅವನು. ಪೆರಿಜಾತಳ ಚೀಲದಲ್ಲಿ ಒಂದು ಟೋಪಿ ಇತ್ತು. ಟೋಪಿಯ ಒಳಗೆ ಗುಂಡಿಯಷ್ಟಗಲದ ಎಂಟು ಲೋಹದ ಬಿಲ್ಲೆ, ಬಿಲ್ಲೆಗೊಂದು ವೈರು. ತಲೆಯೊಳಗಿನ ಮಿಂಚನ್ನು ಬಿಲ್ಲೆಗಳು ಹಿಡಿದು ಲ್ಯಾಪ್‌ಟಾಪಿಗೆ ಕೊಡುತ್ತವೆ, ಲ್ಯಾಪ್‌ಟಾಪು ಅದನ್ನು ಪ್ರೊಜೆಕ್ಟರಿನಿಂದ ಬೆಳಕಿನ ಗೆರೆಯಾಗಿ ಗೋಡೆಯ ಪರದೆಯ ಮೇಲೆ ಓಡಿಸುತ್ತದೆ, ನಾದವಾಗಿ ಹಾಡಿಸುತ್ತದೆ. ಬಲಗೈ ಆಡಿಸಿದಂತೆ ಅಂದುಕೊಂಡರೆ ಗೆರೆ ಬಲಕ್ಕೆ ಬಾಗಿ ದೊಡ್ಡ ಕಂಚಿನ ಪಾತ್ರೆ ಗುಂಯ್‌ಗುಟ್ಟಿದ ಹಾಗೆ ಸದ್ದು. ಎಡಗೈ ಎಂದುಕೊಂಡರೆ ಎಡಕ್ಕೆ ಬಾಗಿ ಮಣ್ಣಿನ ಪೀಪಿಯ ಸಿಳ್ಳು. ಎರಡನ್ನೂ ಸುಮ್ಮನಿಟ್ಟರೆ ಗೆರೆ ನಿಂತು ಕಾಯುತ್ತದೆ. ಮೊದಲೇ ಬರೆದಿಟ್ಟ ರಾಗವಿಲ್ಲ, ಚಿತ್ರವಿಲ್ಲ. ಆ ಗಳಿಗೆಗೆ ಹುಟ್ಟಿದ್ದೇ ಆಟ.

ಟೋಪಿ ಮೊದಲು ಏರಿದ್ದು ತೊಲೊನನ ತಲೆಗೆ. ಗೆರೆ ಹುಚ್ಚುಕುದುರೆಯಾಯಿತು. ಆ ಮನುಷ್ಯ ನುಡಿಸುವಾಗ ಹುಬ್ಬು ಕುಣಿಸುತ್ತಾನೆ, ದವಡೆ ಕಡಿಯುತ್ತಾನೆ, ಕಿವಿಯನ್ನೂ ಆಡಿಸುತ್ತಾನೆ. ಮುಖ ಆಡಿದರೆ ಅದರ ಗದ್ದಲದಲ್ಲಿ ತಲೆಯ ಮಿಂಚು ಬಿಲ್ಲೆಗಳಿಗೆ ಕೇಳಿಸುವುದೇ ಇಲ್ಲ.

"ತೊಲೊನ್ ಅಜ್ಜ, ಮುಖ ಆಡಿಸ್ಬೇಡಿ."

"ಮುಖ ಇಲ್ದೆ ಕೊಮುಜ್ ಹೇಗಮ್ಮ ನುಡಿಸೋದು?"

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಬುರುಲ್ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು. "ಮಗೂ, ಕೈ ಆಡಿಸದೇ ಇದ್ರೂ ನಡೆಯುತ್ತಾ?"

"ನಡೆಯುತ್ತೆ ಅಪಾ. ಆಡಿಸಿದ ಹಾಗೆ ಅಂದ್ಕೊಂಡ್ರೆ ಸಾಕು. ಕೈಗೆ ಮೊದಲು ತಲೆಯಿಂದ ಒಂದು ಹುಕುಂ ಹೊರಡುತ್ತಲ್ಲ, ಬಿಲ್ಲೆಗಳು ಕೇಳಿಸ್ಕೊಳ್ಳೋದು ಅದನ್ನೇ" ಎಂದಳು ಪೆರಿಜಾತ್, ಹಿರಿಯ ಹೆಂಗಸರನ್ನು ಕರೆಯುವ ಹಾಗೆ ಅಪಾ ಎನ್ನುತ್ತ.

"ಕೈ ಸತ್ತ ಮೇಲೂ ಹುಕುಂ ಹೊರಡುತ್ತಾ?"

ಪೆರಿಜಾತ್ ಅವಳ ಮಡಿಲಲ್ಲಿ ಬಿದ್ದಿದ್ದ ಬಲಗೈಯನ್ನು ಆಗ ನೋಡಿದಳು. "ಕೆಲವರಿಗೆ ಹೊರಡುತ್ತೆ ಅಪಾ. ಎಲ್ಲರಿಗೂ ಅಂತ ಹೇಳೋಕಾಗಲ್ಲ."

"ಹಾಕು ನನ್ನ ತಲೆಗೆ."

ಅಲ್ಲೇ ಮೊದಲ ತೊಡಕು ಬಂತು. ತಲೆವಸ್ತ್ರ ತೆಗೆಯಬೇಕು, ಆದರೆ ಬಾಗಿಲಲ್ಲಿ ಉಲ್ಕಾನಳ ಗಂಡ, ಅಂದರೆ ಬುರುಲಳ ಭಾವ, ಬೀಗದ ಕೈ ಹಿಡಿದು ನಿಂತಿದ್ದಾನೆ. ಸಂಸ್ಕೃತಿ ಭವನಕ್ಕೆ ಅವನೇ ಕಾವಲುಗಾರ. ಭಾವನ ಹೆಸರನ್ನೇ ಇಂದಿನವರೆಗೆ ಬಾಯಲ್ಲಿ ಆಡದ ಆ ಮನೆಯ ಸೊಸೆ ಅವನೆದುರು ಬರಿತಲೆಯಲ್ಲಿ ಕೂರುವುದುಂಟೇ! ಅವನನ್ನು ಹೊರಗೆ ಕಳಿಸಿ, ಟೋಪಿ ಹಾಕಿ, ಅದರ ಮೇಲೆ ಬಿಳಿ ವಸ್ತ್ರವನ್ನು ಹಳೆಯ ಕಾಲದ ಮುದುಕಿಯರ ಹಾಗೆ ಬಿಗಿಯಾಗಿ ಸುತ್ತಿಕೊಂಡಳು. ಬಿಲ್ಲೆಗಳು ತಲೆಗೆ ಎಷ್ಟು ಚೆನ್ನಾಗಿ ಒತ್ತಿ ಕೂತವೆಂದರೆ ಪೆರಿಜಾತ್ ಲ್ಯಾಪ್‌ಟಾಪು ನೋಡಿ, "ಅಯ್ಯೋ, ಇದು ಮುಂಚೆ ನಂಗ್ಯಾಕೆ ಹೊಳೀಲಿಲ್ಲ!" ಎಂದು ಹಣೆ ಬಡಿದುಕೊಂಡಳು.

ಎಡಗೈ ಮೊದಲ ದಿನವೇ ಒಲಿಯಿತು. ಪೀಪಿ ಸಿಳ್ಳು ಹಾಕಿತು, ಗೆರೆ ಎಡಕ್ಕೆ ಬಾಗಿತು. ಬುರುಲಳ ಮೈ ಜುಮ್ಮೆಂದಿತು. ಮುಟ್ಟದೆ, ಎತ್ತದೆ, ಬರೀ ಅಂದುಕೊಂಡದ್ದು ಗೋಡೆಯ ಮೇಲೆ ಬಾಗಿತಲ್ಲ! ಆದರೆ ಬಲಗೈ? ಒಂಬತ್ತು ದಿನ ಕೂತರು. "ನಿಮ್ಮ ಬಲಗೈ ನೆನೆಸ್ಕೊಳ್ಳಿ ಅಪಾ. ನಿಮ್ಮ ಕೈ, ಸುಣ್ಣ ಹಿಡಿದಿದೆ, ಎಳೀತಿದೆ" ಎಂದು ಪೆರಿಜಾತ್ ಹೇಳುತ್ತಲೇ ಇದ್ದಳು. ಬುರುಲ್ ಹಲ್ಲುಕಚ್ಚಿ ನೆನೆಸಿಕೊಂಡಳು. ನನ್ನ ಕೈ, ನನ್ನ ಕೈ. ಕಂಚಿನ ಪಾತ್ರೆ ಒಂದು ಸಲವೂ ಗುಂಯ್ ಎನ್ನಲಿಲ್ಲ. ಗೆರೆ ಎಡಕ್ಕೇ ಸುತ್ತಿ ಸುತ್ತಿ ಗಾಣದ ಎತ್ತಾಯಿತು. ಒಂಬತ್ತನೆಯ ದಿನ ಮನೆಗೆ ಹೋಗುವಾಗ ಅವಳು ಗಂಡನಿಗೆ, "ಅಕ್ಕ ಹೇಳಿದ್ದೇ ನಿಜ ಕಣೋ ಮುದುಕ. ಒಳಗೆ ಏನೂ ಇಲ್ಲ" ಎಂದಳು.

ಹತ್ತನೆಯ ದಿನ ಪೆರಿಜಾತಳಿಗೆ ತಲೆನೋವು. ಹುಡುಗಿ ಹಣೆ ಹಿಡಿದು ಕೂತಿದ್ದಾಳೆ. ಟೋಪಿ ಹಾಕಿಕೊಂಡು ಕೂತಿದ್ದ ಬುರುಲ್, "ಬಾ ಇಲ್ಲಿ, ಹಗಲೂ ರಾತ್ರಿ ಆ ಡಬ್ಬಿ ನೋಡಿದ್ರೆ ಇನ್ನೇನಾಗುತ್ತೆ" ಎಂದು ಅವಳನ್ನು ಎಳೆದು ಕೂರಿಸಿಕೊಂಡು ಹಣೆ ನೀವಲು ಹೋದಳು. ಮಗುವಿನ ಹೊಟ್ಟೆ ತೀಡುವಾಗ, ನೋವಿದ್ದವರ ಹಣೆ ಮುಟ್ಟುವಾಗ, ಉಣ್ಣೆಹಾಸಿನ ಮೇಲೆ ಸುಣ್ಣ ಇಡುವಾಗ ನಮ್ಮ ಹೆಂಗಸರೆಲ್ಲ, ತಾಯಿ ಮಕ್ಕಳನ್ನು ಕಾಯುವ ದೇವತೆಯನ್ನು ನೆನೆದು, ಆಕಳಿಸಿದಷ್ಟು ಸಲೀಸಾಗಿ ಗೊಣಗುವ ಮಾತೊಂದಿದೆ. ಬುರುಲಳೂ ಗೊಣಗಿದಳು.

"ನನ್ನ ಕೈಯಲ್ಲ, ಉಮಾಯ್ ತಾಯಿ ಕೈ."

ಬಲಗೈ ಎತ್ತಲು ಹೋಗಿದ್ದಳು, ಹಳೆಯ ಅಭ್ಯಾಸ. ಕೈ ಏಳಲಿಲ್ಲ. ಆದರೆ ಹಿಂದಿನ ಸ್ಪೀಕರಿನಿಂದ ಗುಂಯ್ ಎಂದು, ಕಿಟಕಿಯ ಗಾಜು ನಡುಗುವ ಹಾಗೆ, ಕಂಚಿನ ನಾದ ಎದ್ದಿತು.

ಪೆರಿಜಾತ್ ಹೌಹಾರಿ ಎದ್ದಳು. "ಅಪಾ! ಈಗೇನಂದ್ರಿ?"

"ನಾನೆಲ್ಲಿ ಏನಂದೆ?"

"ಅಂದ್ರಿ! ಏನೋ ಅಂದ್ರಿ! ಇನ್ನೊಂದ್ಸಲ ಅನ್ನಿ!"

ಬುರುಲ್ ಇನ್ನೊಮ್ಮೆ ಅಂದಳು, ಈ ಸಲ ಮನಸ್ಸಿನಲ್ಲೇ. ಗೆರೆ ಬಲಕ್ಕೆ ತಿರುಗಿ ದುಂಡಗೆ ಸುರುಳಿ ಸುತ್ತಿತು. ಮತ್ತೆ ಅಂದಳು. ಮತ್ತೊಂದು ಸುರುಳಿ. ಅವಳ ಮುಖ ಬಿಳುಚಿಕೊಂಡಿತು, ಬಾಯಿ ತೆರೆದೇ ಇತ್ತು. ಆಮೇಲೆ ಮೆಲ್ಲಗೆ ಹೇಳಿದಳು. "ನೀನು ನಿಮ್ಮ ಕೈ ನಿಮ್ಮ ಕೈ ಅಂತಿದ್ಯಲ್ಲ ಮಗೂ, ನಂಗೆ ಈ ಸತ್ತ ಕೈನೇ ನೆನಪಾಗ್ತಿತ್ತು. ಶಿರ್ದಾಕ್ ಬರೆದ ಕೈ ನಂದು ಅಂತ ನಾನು ಯಾವತ್ತು ಅಂದಿದ್ದೆ?"

ಆ ಸಂಜೆ ತೊಲೊನ್ ದಾರಿಯುದ್ದಕ್ಕೂ ಕೊಮುಜ್ ನುಡಿಸಿಕೊಂಡೇ ಮನೆಗೆ ನಡೆದ. ಎದುರು ಸಿಕ್ಕವರು ಕುಡಿದಿದ್ದಾನೆ ಅಂದುಕೊಂಡರು.

ಊರವರ ಮುಂದೆ ಈ ಆಟದ ಪ್ರದರ್ಶನ ಭವನದಲ್ಲೇ ಸೆಪ್ಟೆಂಬರ್ ಕೊನೆಯ ಶನಿವಾರ ಮಧ್ಯಾಹ್ನಕ್ಕೆ ನಿಗದಿಯಾಯಿತು. ಹಿಂದಿನ ದಿನ ಬುರುಲ್ ಅರ್ಧ ಬರೆದ ಆ ಹಾಸನ್ನು ಹೊರಿಸಿಕೊಂಡು ಬಂದಳು. "ಪರದೆ ಬೇಡ. ಇದನ್ನ ತೂಗು ಹಾಕಿ. ಗೆರೆ ಇದರ ಮೇಲೆ ಬರಲಿ, ನಾನು ಎಲ್ಲಿ ಬಿಟ್ಟಿದ್ನೋ ಅಲ್ಲಿಂದ."

ಪೆರಿಜಾತ್ ಗಾಬರಿಯಾದಳು. "ಅಪಾ, ಯಂತ್ರ ಹತ್ತಕ್ಕೆರಡು ಸಲ ತಪ್ಪು ಕೇಳಿಸ್ಕೊಳ್ಳುತ್ತೆ. ಗೆರೆ ಎಲ್ಲೆಲ್ಲೋ ಹೋಗುತ್ತೆ."

"ಬೇಡ ಮುದುಕಿ" ಎಂದ ತೊಲೊನ್. "ಊರೆಲ್ಲ ಬರುತ್ತೆ. ಬರೀ ಪರದೆ ಮೇಲೆ ಹೇಗಿದ್ರೂ ಚೆಂದ ಕಾಣುತ್ತೆ. ಇದರ ಮೇಲೆ ಉತ್ತರ ಬರಲಿಲ್ಲ ಅಂದ್ರೆ?"

"ಬರಲಿಲ್ಲ ಅಂದ್ರೆ ಬರಲಿಲ್ಲ ಅಂತ ಗೊತ್ತಾಗುತ್ತಲ್ಲ. ಅದೂ ಗೊತ್ತಿಲ್ದೆ ಎರಡು ವರ್ಷ ಆಯ್ತು ನಂಗೆ."

"ಇನ್ನೊಂದು ಮಾತು ಅಪಾ" ಎಂದಳು ಪೆರಿಜಾತ್. "ಗೆರೆ ಉಳಿಯಲ್ಲ. ಹತ್ತು ನಿಮಿಷಕ್ಕೆ ಬಾಲದಿಂದ ಅಳಿಸಿ ಹೋಗ್ತಾ ಬರುತ್ತೆ. ನಾನು ಮಾಡಿರೋದೇ ಹಾಗೆ. ಉಳಿಸಿಟ್ರೆ ಅದು ಆ ಗಳಿಗೆ ಆಟ ಅಲ್ಲ."

"ನಾನು ನುಡಿಸಿದ್ದು ಮಾತ್ರ ಉಳಿಯುತ್ತಾ?" ಎಂದು ತೊಲೊನ್ ದನಿಗೂಡಿಸಿದ.

"ಗಾಳಿಗೆ ನುಡಿಸೋರ ಬುದ್ಧಿ ನಿಮ್ದು. ನಮ್ದು ನೆಲಕ್ಕೆ ಹಾಸೋ ಕೆಲಸ" ಎಂದಳು ಬುರುಲ್. ಆಮೇಲೆ ಎಡಗೈ ಬೀಸಿ, "ಹೋಗ್ಲಿ ಬಿಡು. ಇದೆಯೋ ಇಲ್ವೋ ಅಂತ ಕಣ್ಣಲ್ಲಿ ಒಂದ್ಸಲ ನೋಡಿದ್ರೆ ಸಾಕು ನಂಗೆ" ಎಂದಳು. ಹಾಸು ಬಿಚ್ಚುವಾಗ ಮಡಿಕೆಯಿಂದ ನೀಲಿ ಸುಣ್ಣದ ತುಂಡು ಉರುಳಿತು. ಅದನ್ನು ಎತ್ತಿ ವೇದಿಕೆಯ ಅಂಚಿನಲ್ಲಿಟ್ಟಳು.

ಶನಿವಾರ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿದ್ದರು. ಮೊದಲ ಸಾಲಿನಲ್ಲಿ ಭಾವ, ಪಕ್ಕದಲ್ಲಿ ಉಲ್ಕಾನ್, ಮಡಿಲ ತುಂಬ ಸೂರ್ಯಕಾಂತಿ ಬೀಜ. ಬಿಳಿ ವಸ್ತ್ರ ಸುತ್ತಿದ ಬುರುಲ್ ವೇದಿಕೆಯ ನಡುವೆ, ತೂಗು ಹಾಕಿದ ಹಾಸಿನ ಎದುರು ಕೂತಿದ್ದಳು, ಜನಕ್ಕೆ ಅವಳ ಬೆನ್ನು. ಪಕ್ಕದಲ್ಲಿ ಕೊಮುಜ್ ಹಿಡಿದ ತೊಲೊನ್. ಪೆರಿಜಾತ್ ದೀಪ ಆರಿಸಿದಳು. ಎರಡು ವರ್ಷದ ಹಿಂದೆ ಸುಣ್ಣ ಜಾರಿದ ಜಾಗದಲ್ಲೇ ಬೆಳಕಿನ ಚುಕ್ಕೆಯೊಂದು ಬಂದು ನಿಂತಿತು.

ನಿಂತದ್ದು ನಿಂತೇ ಇತ್ತು. ಒಂದು ನಿಮಿಷ, ಎರಡು ನಿಮಿಷ. ಒಮ್ಮೆ ಪೀಪಿ ಸಣ್ಣಗೆ ಸಿಳ್ಳು ಹಾಕಿ ಸುಮ್ಮನಾಯಿತು. ಯಾರೋ ಕೆಮ್ಮಿದರು. ಕತ್ತಲಲ್ಲಿ ಉಲ್ಕಾನ್ ಬೀಜ ಒಡೆಯುವ ಕಟಕಟ ಬುರುಲಳ ಕಿವಿಗೆ ಬೀಳುತ್ತಿತ್ತು. ಖಾಲಿ ಡಬ್ಬಿ, ಖಾಲಿ ಡಬ್ಬಿ ಎಂದು ಅದು ಹೇಳಿದ ಹಾಗಿತ್ತು.

ಆಗ ತೊಲೊನ್ ಮೂರು ತಂತಿಗಳನ್ನು ಮೆಲ್ಲಗೆ ಮೀಟಿದ. ಅದು ರಾಗವೂ ಅಲ್ಲ, ಮದುವೆಯಾದ ಹೊಸದರಲ್ಲಿ ಅವಳು ನೆಲದಲ್ಲಿ ಗೆರೆ ಹಾಕುತ್ತಿದ್ದಾಗ ಅವನು ಪಕ್ಕದಲ್ಲಿ ಕೂತು ಸುಮ್ಮನೆ ಟಿಂಗ್‌ಗುಟ್ಟಿಸುತ್ತಿದ್ದ ಸದ್ದು. ಬುರುಲ್ ಉಸಿರು ಬಿಟ್ಟಳು. ನನ್ನ ಕೈಯಲ್ಲ.

ಗುಂಯ್ ಎಂದಿತು. ಚುಕ್ಕೆ ಹೊರಟಿತು.

ಬಲಕ್ಕೆ ಬಾಗಿತು, ಇನ್ನೂ ಬಾಗಿತು, ಎಡಕ್ಕೆ ಹೊರಳಿತು. ಕಂಚು ಗುನುಗಿತು, ಪೀಪಿ ಉಲಿಯಿತು, ಕೊಮುಜ್ ಎರಡರ ನಡುವೆ ಓಡಾಡಿತು. ಹಾಸಿನ ಬರಿದಾದ ಬಿಳುಪಿನಲ್ಲಿ ಒಂದು ಕೊಂಬು ಎದ್ದಿತು, ಎರಡಾಯಿತು. ಜನ ಉಸಿರಾಡುವುದನ್ನೇ ಮರೆತರು. ಆ ಹೆಂಗಸಿನ ಎರಡೂ ಕೈ ಮಡಿಲಲ್ಲಿ ಸತ್ತಂತೆ ಬಿದ್ದಿವೆ, ಎದುರಿಗೆ ಅವಳದೇ ಗೆರೆ, ಊರಿಗೆ ಊರೇ ಕಾಲಡಿಯಲ್ಲಿ ನೋಡಿ ಬೆಳೆದ ಗೆರೆ, ಬೆಳಕಾಗಿ ಓಡುತ್ತಿದೆ. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಎದ್ದು ನಿಂತು ಟೋಪಿ ತೆಗೆದ. ಹಾಗೆ ಮಾಡಬೇಕೆಂದು ಅವನಿಗೆ ಯಾಕೆ ಅನ್ನಿಸಿತೋ.

ನಡುವೆ ಒಮ್ಮೆ ಯಂತ್ರ ತಪ್ಪು ಕೇಳಿಸಿಕೊಂಡಿತು. ಗೆರೆ ತಟ್ಟನೆ ಕೆಳಗೆ ಅಂಚಿನ ಕಡೆಗೆ ಜಾರಿತು. ಭವನವೇ 'ಅಯ್ಯೋ' ಎಂದಿತು. ಬುರುಲ್ ಒಂದು ಕ್ಷಣ ಎರಡೂ ಕೈಗಳನ್ನು ಮನಸ್ಸಿನಲ್ಲಿ ಸುಮ್ಮನಿಟ್ಟಳು. ಗೆರೆ ಕಾದು ನಿಂತಿತು. ಆಮೇಲೆ ಅದೇ ತಪ್ಪಿನ ತುದಿಯಿಂದ ಮೂರು ಸಣ್ಣ ತಿರುವು ಕೊಟ್ಟಳು, ಕಾಗೆಯುಗುರು ಮೂಡಿತು. ಮೊದಲಿನಿಂದಲೂ ಅದು ಅಲ್ಲೇ ಇರಬೇಕಿತ್ತು ಅನ್ನುವ ಹಾಗೆ ಕೂತಿತು.

ಉಲ್ಕಾನಳ ಕಟಕಟ ನಿಂತು ಎಷ್ಟೋ ಹೊತ್ತಾಗಿತ್ತು. ಅವಳೂ ಕೆಲಸ ಬಲ್ಲವಳೇ. ಎಡ ಅರ್ಧದ ಕೊಂಬುಗಳೆಲ್ಲ ಒಳಮುಖ. ಬಲಗಡೆ ಒಂದೊಂದೂ ಹೊರಮುಖವಾಗಿ, ಬಿಗಿದ ಮುಷ್ಟಿ ಬೆರಳು ಬೆರಳಾಗಿ ಬಿಚ್ಚಿಕೊಂಡ ಹಾಗೆ ಬಿಚ್ಚುತ್ತಿದ್ದವು. "ಹೊರಗೆ ತಿರುಗಿಸ್ತಿದಾಳೆ" ಎಂದು ಗಂಡನ ತೋಳು ಹಿಂಡಿದಳು. "ಇದೇ ಉತ್ತರ ಕಣ್ರೀ! ಇತ್ತು, ಇದ್ಯಲ್ರೀ ಇವಳ ಹತ್ರ!"

ಅಷ್ಟರಲ್ಲಿ ಅವಳಿಗೆ ಕಂಡಿತು. ಮೊದಲ ಕೊಂಬಿನ ಬಾಲ ಮಸುಕಾಗುತ್ತಿತ್ತು.

"ಅಯ್ಯಯ್ಯೋ, ಹೋಗ್ತಾ ಇದೆ!" ಬೀಜಗಳೆಲ್ಲ ಚೆಲ್ಲಿದವು. ಅರವತ್ತೆರಡು ವರ್ಷದ, ಮಂಡಿನೋವಿನ ಉಲ್ಕಾನ್ ವೇದಿಕೆ ಹತ್ತಿದ್ದನ್ನು ಆ ದಿನ ನೋಡಿದವರು ಇವತ್ತಿಗೂ ನಟಿಸಿ ತೋರಿಸುತ್ತಾರೆ. ಅಂಚಿನಲ್ಲಿದ್ದ ನೀಲಿ ಸುಣ್ಣ ಬಾಚಿಕೊಂಡಳು. ಹಾಸಿನ ಮುಂದೆ ನಿಂತರೆ ಅವಳದೇ ನೆರಳು ಗೆರೆಯನ್ನು ನುಂಗಿತು. ಪಕ್ಕಕ್ಕೆ ಸರಿದು, ಗೋಡೆಗೆ ಮೈ ಒತ್ತಿ, ತೋಳು ಚಾಚಿ, ಅಳಿಸಿಹೋಗುತ್ತಿದ್ದ ಬಾಲದಿಂದಲೇ ಹಿಡಿದು ಬೆಳಕಿನ ಮೇಲೆ ಸುಣ್ಣ ಎಳೆಯತೊಡಗಿದಳು.

ಬುರುಲ್ ನೋಡಿದಳು. ಓಡುತ್ತಿದ್ದ ಗೆರೆಯನ್ನು ನಿಲ್ಲಿಸಿದಳು. ಉಲ್ಕಾನಳ ಸುಣ್ಣ ಒಂದು ಕೊಂಬು ಮುಗಿಸುವವರೆಗೆ ಚುಕ್ಕೆ ಕಾಯುತ್ತಿತ್ತು, ಆಮೇಲೆ ಮುಂದೆ ಹೋಗುತ್ತಿತ್ತು. ಜೀವಮಾನದಲ್ಲಿ ಒಂದು ಸಲವೂ ಒಬ್ಬರಿಗೊಬ್ಬರು ಕಾಯದ ಇಬ್ಬರು ಓರಗಿತ್ತಿಯರು!

ಉಲ್ಕಾನ್ ಎಳೆಯುತ್ತ ಏನೋ ಗೊಣಗುತ್ತಿದ್ದಳು. ಹತ್ತಿರ ಕೂತಿದ್ದ ತೊಲೊನನಿಗೆ ಕೇಳಿಸಿತು, ಬುರುಲಳಿಗೂ ಕೇಳಿಸಿತು.

"ನನ್ನ ಕೈಯಲ್ಲ" ಎಂದಳು ಉಲ್ಕಾನ್. ಉಮಾಯ್ ತಾಯಿಯ ಹೆಸರು ಬರಬೇಕಾದ ಜಾಗದಲ್ಲಿ ಅವಳ ನಾಲಿಗೆ ತಡೆಯಿತು. "ಬುರುಲ್ ಕೈ. ಇದು ನಮ್ಮ ಬುರುಲ್ ಕೈ."

ಬುರುಲಳ ಕಣ್ಣು ತುಂಬಿ ಹರಿಯಿತು. ರೆಪ್ಪೆ ಬಡಿದರೆ ಯಂತ್ರ ಕೆಡುತ್ತದೆಂದು ಪೆರಿಜಾತ್ ನೂರು ಸಲ ಹೇಳಿದ್ದಳು. ಗೆರೆ ನಡುಗಿತು, ಪೀಪಿ ಮತ್ತು ಕಂಚು ಒಟ್ಟಿಗೇ ಕೂಗಿದವು, ಹಾಸಿನ ತುಂಬ ಬೆಳಕಿನ ಹರಳು ಚೆಲ್ಲಾಡಿದವು. ತೊಲೊನ್ ನುಡಿಸುವುದನ್ನು ಬಿಡಲಿಲ್ಲ, ಅವನ ಮುಖವೂ ಕುಣಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಗೆರೆ ಸುಧಾರಿಸಿಕೊಂಡು ಹೊರಟು, ಕೊನೆಯ ಕೊಂಬನ್ನು ಬಿಡಿಸಿ, ಅಂಚು ಮುಟ್ಟಿ ನಿಂತಿತು. ಒಂದು ಗೇಣಿನ ಹಿಂದೆ ಸುಣ್ಣವೂ, ಆ ನಡುಕವನ್ನೂ ಬಿಡದೆ, ಬಂದು ಮುಟ್ಟಿತು. ಆಮೇಲೆ ಬೆಳಕು ಮೆಲ್ಲಮೆಲ್ಲನೆ ಆರಿತು. ದೀಪ ಹಾಕಿದಾಗ ನೀಲಿ ಗೆರೆ ಅಲ್ಲೇ ಇತ್ತು.

ಆ ಶಿರ್ದಾಕನ್ನು ಉಲ್ಕಾನಳೇ ಚಳಿಗಾಲವೆಲ್ಲ ಕೂತು ಕತ್ತರಿಸಿ ಹೊಲಿದಳು. ಈಗ ಅದು ಬುರುಲಳ ಮನೆಯ ನಡುಕೋಣೆಯಲ್ಲಿದೆ. ಬಲ ಅರ್ಧದಲ್ಲಿ ಒಂದು ಕಡೆ, ಕೊನೆಯ ಕೊಂಬಿಗೆ ಸ್ವಲ್ಪ ಮೊದಲು, ಗೆರೆ ಅಂಕುಡೊಂಕಾಗಿ ನಡುಗಿದೆ. ಮೊನ್ನೆ ಚಹಾ ಕುಡಿಯುತ್ತ ಬುರುಲ್ ಅದನ್ನು ಕಾಲ್ಬೆರಳಿನಿಂದ ತೋರಿಸಿದಳು.

"ನೋಡಕ್ಕ, ಇಲ್ಲಿ ಕೈ ನಡುಗಿದೆ. ಒಂದು ಗೆರೆ ನೆಟ್ಟಗೆ ಎಳೆಯೋಕೆ ಆಗಲ್ವಾ ನಿಂಗೆ?"

"ನನ್ನ ಕೈಯಲ್ಲ ಕಣೇ ಅದು" ಎಂದಳು ಉಲ್ಕಾನ್, ರೊಟ್ಟಿಗೆ ಕೆನೆ ಬಳಿಯುತ್ತ, ತಲೆ ಕೂಡ ಎತ್ತದೆ.

ಬುರುಲ್ ಎಡಗೈಯಲ್ಲಿ ಬಟ್ಟಲು ಮುಂದೆ ಹಿಡಿದಳು, ಉಲ್ಕಾನ್ ಇನ್ನಷ್ಟು ಚಹಾ ಸುರಿದಳು.